ವಾಲ್ಟರ್ ಮರೆತಿದ್ದ ಅಂತರಾ

ಇಂಥ ಅನುಭವಗಳನ್ನು ಯಾರಾದರೂ ಹೇಳಿಕೊಂಡರೆ ಮೊದಲೆಲ್ಲ ನಾನು ತಮಾಷೆ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಹಾಗೆಂದು ನಂಬುತ್ತೇನೆಂದೂ ಅಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪದ ರಿಪೇರಿ ಇನ್ನೂ ಮುಗಿಯದ ವರ್ಷಗಳವು. ಪಕ್ಕದ ಮನೆಯ ವಾಲ್ಟರ್ ಅಮೆರಿಕದವರು, ವಯಸ್ಸಾದ ಜಾಝ್ ಪಿಯಾನೋ ವಾದಕರು. ಅವರ ಹೆಸರು ಕೇಳಿದವರು ನನಗಂತೂ ಸಿಕ್ಕಿಲ್ಲ. ಷಿಕಾಗೋದ ಹೋಟೆಲುಗಳಲ್ಲಿ, ಪ್ರವಾಸಿ ಹಡಗುಗಳಲ್ಲಿ ಗಾಯಕರ ಹಿಂದೆ ಕೂತು ನುಡಿಸುವುದರಲ್ಲೇ ಅವರ ಆಯಸ್ಸು ಕಳೆದಿತ್ತು. ಸ್ವಂತದ್ದೆಂದು ಮಾಡಿದ್ದು ಒಂದೇ ರೆಕಾರ್ಡು; ಅದು ಹೊರಬರುವ ಮೊದಲೇ ಸ್ಟುಡಿಯೋಗೆ ಬೆಂಕಿ ಬಿದ್ದು ಟೇಪು ಸುಟ್ಟುಹೋಯಿತು. ಅದರಲ್ಲಿದ್ದ ಒಂದು ಧುನ್ ಅನ್ನು ಹಿಂದೆ ಯಾವುದೋ ಕ್ಲಬ್ಬಿನಲ್ಲಿ ಕೇಳಿಯೇ ನ್ಯೂಜಿಲೆಂಡಿನ ಮಾರ್ಗರೆಟ್ ವಾಲ್ಟರ್‌ರನ್ನು ಮೆಚ್ಚಿ ಮದುವೆಯಾಗಿದ್ದು, ಇಲ್ಲಿಗೆ ಕರೆತಂದಿದ್ದು. ಈಗ ವಾಲ್ಟರ್‌ಗೆ ಅದರ ಮೊದಲರ್ಧ ಮಾತ್ರ ನೆನಪಿತ್ತು. ಉಳಿದದ್ದು ಎಷ್ಟು ತಡಕಾಡಿದರೂ ಸಿಗುತ್ತಿರಲಿಲ್ಲ.

ಮಾರ್ಗರೆಟ್‌ಗೆ ಕ್ಯಾನ್ಸರ್ ಆಗಿ, ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಅವರ ಆಸೆ ಒಂದೇ, ಆ ಧುನ್ ಅನ್ನು ಇನ್ನೊಮ್ಮೆ ಪೂರ್ತಿ ಕೇಳಬೇಕು. ವಾಲ್ಟರ್ ದಿನವಿಡೀ ಅರ್ಧ ನುಡಿಸಿ ಅಲ್ಲೇ ನಿಲ್ಲುತ್ತಿದ್ದರು. ಗೋಡೆಯಾಚೆ ನನಗೂ ಅದು ಕೇಳುತ್ತಿತ್ತು.

ಆಗ ಧಾರವಾಡದಿಂದ ಅವ್ವ ಬಂದಿದ್ದಳು. ಶಾಲೆಯಲ್ಲಿ ಹಿಂದೂಸ್ತಾನಿ ಸಂಗೀತ ಕಲಿಸಿದವಳು, ಜಾಝ್ ಎಂದರೆ ಏನೆಂದು ಕೇಳುವವಳು. ಒಂದು ಸಂಜೆ ಪಕ್ಕದ ಮನೆಯವರಿಗೆ ಬಿಸಿ ಸಾರು ಕೊಡಲು ಇಬ್ಬರೂ ಹೋದೆವು. ವಾಲ್ಟರ್ ನುಡಿಸುತ್ತಿದ್ದವರು ಎಂದಿನ ಜಾಗಕ್ಕೆ ಬಂದು ನಿಂತರು.

“ಸ್ಥಾಯಿ ಆತು. ಅಂತರಾ ಬಿಟ್ರ ಹೆಂಗ?” ಎಂದಳು ಅವ್ವ, ಹಾಡಿನ ಮೊದಲ ಭಾಗ ಮುಗಿಸಿ ಎರಡನೆಯದನ್ನು ಬಿಟ್ಟ ವಿದ್ಯಾರ್ಥಿಗೆ ಹೇಳುವಂತೆ.

ಮರುಕ್ಷಣ ಅವಳ ದನಿಯೂ ಪಿಯಾನೋವೂ ಒಟ್ಟಿಗೇ ಮುಂದೆ ಸಾಗಿದವು. ಕೊನೆ ಮುಟ್ಟುವವರೆಗೆ ಎಲ್ಲೂ ತಡವರಿಸಲಿಲ್ಲ. ಮಾರ್ಗರೆಟ್ ಅಳುತ್ತಾ, ಅವತ್ತು ಕೇಳಿದ್ದು ಇದೇ, ಇದೇ ಎಂದರು. ನನಗೂ ಅಳು ತಡೆಯಲಾಗಲಿಲ್ಲ.

ಮನೆಗೆ ಬಂದು, ನಿನಗದು ಹೇಗೆ ಗೊತ್ತಿತ್ತು ಎಂದು ಅವ್ವನನ್ನು ಕೇಳಿದೆ.

“ನನಗೆಲ್ಲಿ ಗೊತ್ತಿತ್ತ? ಆ ಅಜ್ಜಾರು ಬಾರ್ಸಾಕತ್ತಿದ್ರು, ನಾ ಬೆನ್ನ ಹತ್ತಿ ಹಾಡಿದೆ.”

ಮಾರ್ಗರೆಟ್ ಆ ವಾರವೇ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ವಾಲ್ಟರ್ ನನ್ನ ಕೈ ಹಿಡಿದು, ನಿನ್ನ ತಾಯಿಯ ಋಣ ತೀರಿಸಲಾರೆ ಎಂದರು. ಅವ್ವ ಹಾಡುತ್ತಾ ಹೋದಳಂತೆ, ಇವರು ಹಿಂಬಾಲಿಸಿದರಂತೆ, ಅಷ್ಟೇ. ಆಮೇಲೊಮ್ಮೆ ಇಬ್ಬರನ್ನೂ ಪಿಯಾನೋ ಹತ್ತಿರ ಕೂರಿಸಿ ನೋಡಿದೆ. ಅರ್ಧಕ್ಕೆ ಬಂದು ಇಬ್ಬರೂ ನಿಂತರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ಸಂಜೆ ಸಾರಿನ ಪಾತ್ರೆ ಹಿಡಿದು ಅವರಿಬ್ಬರ ನಡುವೆಯೇ ನಿಂತಿದ್ದೆ ನಾನು. ಅಂತರಾದ ಮೊದಲ ಸ್ವರ ಯಾರದೆಂದು ಈಗಲೂ ಹೇಳಲಾರೆ.