ಮೊದಲು ತನ್ನನ್ನೇ ಅಳೆಯುವ ಯಂತ್ರ

“ನನ್ನ ಕಿವಿಗಂತೂ ಎಲ್ಲಾ ಸರಿಯಾಗೇ ಕೇಳಿಸ್ತಿದೆ, ಅಕ್ಕಾ. ನಿಮ್ಮ ಮಿಷನ್ನಿಗೆ ಮಾತ್ರ ಕೇಳಿಸೋ ರೋಗಕ್ಕೆ ಹತ್ತೊಂಬತ್ತು ಪೆಟ್ಟಿಗೆ ನಿಲ್ಲಿಸ್ತೀರಾ?”

ಬೆಳಗಿನ ಆರೂಕಾಲು. ಆಂಪ್ಲಿಫೈಯರ್ ಕಾರ್ಖಾನೆಯ ಪರೀಕ್ಷಾ ಕೊಠಡಿಯ ಬಾಗಿಲಿಗೆ ಒರಗಿ ಸೂಪರ್‌ವೈಸರ್ ಕೇಳುತ್ತಿದ್ದಾರೆ. ಹೊರಗೆ ಸರಕಿನ ವ್ಯಾನು ಇಂಜಿನ್ ಆರಿಸದೆ ಗುರುಗುಡುತ್ತಿದೆ. ಪರೀಕ್ಷೆಯ ಮೇಜಿನ ಮುಂದೆ ಅಕ್ಕ ನಿಂತಿದ್ದಾರೆ. ಕನ್ನಡಕ ಹಣೆಗೇರಿಸಿ ಕಣ್ಣುಜ್ಜಿಕೊಳ್ಳುತ್ತಾರೆ.

ಇಪ್ಪತ್ತಮೂರು ವರ್ಷದಿಂದ ಅವರದು ಇದೇ ಮೇಜು. ಆಡಿಯೋ ಅನಲೈಜರ್ ಎಂಬ ಯಂತ್ರ, ದನಿ ಜೋರು ಮಾಡುವ ಆಂಪ್ಲಿಫೈಯರ್ ಪೆಟ್ಟಿಗೆಯೊಳಕ್ಕೆ ಒಂದು ಶುದ್ಧ ಸ್ವರ ಕಳಿಸುತ್ತದೆ. ಆಚೆಯಿಂದ ಹೊರಬಂದದ್ದರಲ್ಲಿ ವೋಲ್ಟೇಜ್ ಎಷ್ಟು, ದನಿಯ ಒಡಕು ಎಷ್ಟು ಎಂದು ಅಕ್ಕ ನೋಡುತ್ತಾರೆ. ಒಡಕು ಶೇಕಡಾ ಒಂದು ದಾಟಿದರೆ ಕೆಂಪು ಚೀಟಿ, ಅಂದರೆ ತಿರಸ್ಕಾರ. ದಿನಕ್ಕೆ ನೂರನಲವತ್ತು ಪೆಟ್ಟಿಗೆ, ಪ್ರತಿಯೊಂದಕ್ಕೂ ಮೂರು ಸಲ ಅಳತೆ, ಎಲ್ಲವೂ ನಿಂತುಕೊಂಡೇ. ಸಂಜೆ ಹೊತ್ತಿಗೆ ಕಾಲು ತಮ್ಮದೇ ಅನ್ನಿಸುವುದಿಲ್ಲವಂತೆ.

“ಮನೆಗೆ ಹೋದ್ರೆ ಅಮ್ಮನ ಟೀವಿ. ಕಿವಿ ಮಂದ, ಪೂರ್ತಿ ಜೋರು ಇಟ್ಟಿರ್ತಾಳೆ. ಶೇಕಡಾ ಹತ್ತಾದರೂ ಒಡಕಿರುತ್ತೆ. ಅದಕ್ಕೆ ಚೀಟಿ ಹಚ್ಚೋಕಾಗುತ್ತಾ? ಸುಮ್ನೆ ಪಕ್ಕದಲ್ಲಿ ಕೂತು ತೂಕಡಿಸ್ತೀನಿ,” ಎನ್ನುತ್ತಾರೆ ಅಕ್ಕ.

ನಿನ್ನೆ ಬಂದ ಹೊಸ ಕಂತಿನಲ್ಲಿ ಹತ್ತೊಂಬತ್ತು ಪೆಟ್ಟಿಗೆಗಳು ಮೆಲುದನಿಯಲ್ಲಿ ಚೊಕ್ಕ. ವೋಲ್ಟೇಜ್ ಪೂರ್ತಿ ಏರಿಸಿದ ಕೂಡಲೇ ಒಡಕು ಶೇಕಡಾ ನಾಲ್ಕಕ್ಕೆ ಹಾರುತ್ತದೆ. ಇವು ಹೋಗಬೇಕಾದದ್ದು ಆಸ್ಪತ್ರೆಯ ಕಾರಿಡಾರುಗಳಲ್ಲಿ ಎಚ್ಚರಿಕೆ ಸಾರುವ ಧ್ವನಿವರ್ಧಕಗಳಿಗೆ. “ಬೆಂಕಿ ಅಂತ ಕೂಗಬೇಕಾದ ಹೊತ್ತಲ್ಲೇ ಮಾತು ಚೂರಾದ್ರೆ? ಮೆಲ್ಲಗೆ ಮಾತಾಡೋಕೆ ಈ ಪೆಟ್ಟಿಗೆ ಯಾಕೆ ಬೇಕು, ಸಾರ್?” ಎನ್ನುತ್ತಾರೆ ಅಕ್ಕ.

“ಕಾರ್ಖಾನೆ ಯಜಮಾನರು ಹೇಳಿದ್ದು ನೆನಪಿದೆ ತಾನೆ?” ಸೂಪರ್‌ವೈಸರ್ ದನಿ ತಗ್ಗಿಸುತ್ತಾರೆ.

ಮರೆಯುವಂಥದ್ದಲ್ಲ. ಇನ್ನೊಮ್ಮೆ ಒಳ್ಳೆಯ ಪೆಟ್ಟಿಗೆಗೆ ಕೆಂಪು ಚೀಟಿ ಬಿದ್ದರೆ ಈ ಮೇಜು ಬಿಟ್ಟು ಪ್ಯಾಕಿಂಗ್‌ಗೆ ಹೋಗಬೇಕು. ‘ಇನ್ನೊಮ್ಮೆ’ ಅಂದದ್ದಕ್ಕೂ ಕಾರಣವಿದೆ. ಆರು ವರ್ಷದ ಹಿಂದೆ ಅಕ್ಕ ಅರವತ್ತೆರಡು ಪೆಟ್ಟಿಗೆ ತಿರಸ್ಕರಿಸಿದ್ದರು. ಬೆಸುಗೆ ಮೇಜಿನವರು ಎಲ್ಲವನ್ನೂ ಬಿಚ್ಚಿದರು. ಆ ಗಡಿಬಿಡಿಯಲ್ಲಿ, ಅದೇ ಮೇಜಿನಲ್ಲಿ ಕೆಲಸ ಮಾಡುವ ಅಕ್ಕನ ಗೆಳತಿಯ ಹೆಬ್ಬೆರಳು ಬೆಸುಗೆ ಕಡ್ಡಿ ತಾಗಿ ಸುಟ್ಟಿತು. ಪೆಟ್ಟಿಗೆಗಳಲ್ಲಿ ಏನೂ ದೋಷವಿರಲಿಲ್ಲ. ಅಕ್ಕನ ಯಂತ್ರದ ವೈರೇ ಒಳಗೊಳಗೆ ತುಂಡಾಗಿತ್ತು.

“ತಪ್ಪು ನನ್ನ ವೈರಿಂದು ಅಂತ ಆವತ್ತೇ ಗೊತ್ತಾಯ್ತು. ಎರಡು ದಿನ ನಾನು ಬಾಯಿ ಬಿಡಲಿಲ್ಲ. ಅವಳು ಬೆರಳಿಗೆ ಬಟ್ಟೆ ಸುತ್ಕೊಂಡು ಬಿಚ್ತಾನೇ ಇದ್ದಳು. ಅದು ಈಗಲೂ ಚುಚ್ಚುತ್ತೆ,” ಎನ್ನುತ್ತಾರೆ ಅಕ್ಕ.

ಅಂದಿನಿಂದ ಒಂದು ಕ್ರಮ. ಬೆಳಗ್ಗೆ ಯಾವ ಪೆಟ್ಟಿಗೆ ಮುಟ್ಟುವ ಮುಂಚೆಯೂ ಯಂತ್ರದಿಂದ ಸ್ವರ ಕಳಿಸುವ ವೈರನ್ನು ಸ್ವರ ಪಡೆಯುವ ಅದರದೇ ವೈರಿಗೆ ಸಿಕ್ಕಿಸುತ್ತಾರೆ. ಯಂತ್ರ ತನ್ನನ್ನೇ ಅಳೆದುಕೊಳ್ಳುತ್ತದೆ. “ನನ್ನ ಮುಖ ತೊಳ್ಕೊಳ್ದೆ ಊರವರ ಮುಖದ ಕೊಳೆ ತೋರಿಸಬಾರದಲ್ಲ?”

ಅಷ್ಟರಲ್ಲಿ ಅದೇ ಗೆಳತಿ ಒಳಬರುತ್ತಾರೆ. “ಏನೇ, ಮತ್ತೆ ನಿನ್ನ ವೈರು ಕೈಕೊಡ್ತಾ? ಇನ್ನೊಂದು ಹೆಬ್ಬೆರಳು ಉಳಿದಿದೆ, ಅದನ್ನೂ ಸುಟ್ಕೋಬೇಕಾ?”

ಅಕ್ಕ ನಗಲು ನೋಡುತ್ತಾರೆ, ಆಗುವುದಿಲ್ಲ. ಎರಡು ವೈರುಗಳನ್ನು ಮತ್ತೊಮ್ಮೆ ಜೋಡಿಸಿ, ಅಲ್ಲಾಡಿಸಿ, ಎಳೆದು, ತಿರುಚಿ ನೋಡುತ್ತಾರೆ. ಪರದೆಯಲ್ಲಿ ಸೊನ್ನೆಯ ಪಕ್ಕ ಸೊನ್ನೆ, ಕೊನೆಗೊಂದು ಮೂರು. ಅಂಕಿ ಅಲುಗುವುದಿಲ್ಲ. ಯಂತ್ರ ಶುದ್ಧವಾಗಿದೆ.

“ಈ ಸಲ ನಾನಲ್ಲ ಕಣೇ.”

ಗೆಳತಿ ಯಾರ ಅಪ್ಪಣೆಗೂ ಕಾಯದೆ ಮೇಲಿನ ಪೆಟ್ಟಿಗೆ ಎಳೆದುಕೊಂಡು ಸ್ಕ್ರೂ ಬಿಚ್ಚುತ್ತಾರೆ. ಬೆಳಕಿಗೆ ಹಿಡಿದು, ಹೊಸ ಬಿಡಿಭಾಗವೊಂದರ ತಂತಿಯ ಕಾಲನ್ನು ಉಗುರಿನಿಂದ ಒತ್ತಿದರೆ ಅದು ಅಲ್ಲಾಡುತ್ತದೆ. ಬೆಸುಗೆ ಹಿಡಿದೇ ಇಲ್ಲ. ತಮ್ಮ ಮೇಜಿಗೆ ಒಯ್ದು, ಹೊಗೆಯಾಡಿಸಿ ಮತ್ತೆ ಬೆಸೆದು, ವಾಪಸು ತರುತ್ತಾರೆ. ಅಕ್ಕ ವೋಲ್ಟೇಜ್ ಪೂರ್ತಿ ಏರಿಸುತ್ತಾರೆ. ಒಡಕು ಶೇಕಡಾ ಸೊನ್ನೆ ಪಾಯಿಂಟ್ ಎರಡು.

“ಇನ್ನು ಹದಿನೆಂಟು,” ಎನ್ನುತ್ತಾರೆ ಗೆಳತಿ.

“ನಿನ್ನ ಬೆರಳು ಜೋಪಾನ.”

“ಇದೆಲ್ಲ ಮುಗಿದ ಮೇಲೆ ಏನು ಬೇಕೋ ಕೇಳ್ಕೊಳ್ಳಿ, ಅಕ್ಕಾ,” ಸೂಪರ್‌ವೈಸರ್ ನಿಟ್ಟುಸಿರು ಬಿಡುತ್ತಾರೆ.

“ಬೆನ್ನಿಗೆ ಒರಗು ಇರೋ ಒಂದು ಕುರ್ಚಿ, ಸಾರ್. ಅಷ್ಟೇ.”

ಸೂಪರ್‌ವೈಸರ್ ವ್ಯಾನನ್ನು ಕಾಯಿಸಲು ಹೊರನಡೆಯುತ್ತಾರೆ. ಸ್ವಲ್ಪ ಹೊತ್ತಿಗೆ ವ್ಯಾನಿನ ಇಂಜಿನ್ ನಿಲ್ಲುತ್ತದೆ.