ಒರೆಸಪ್ಪನ ಪಿಕಪ್ಪು

ಅವನನ್ನು ನಾನು ಮೊದಲು ಕಂಡದ್ದು ನಮ್ಮ ಶಾಲೆಗೆ ಹೊಸ ಬೆಂಚುಗಳು ಬಂದ ದಿನ. ಮರದ ಸಾಮಾನಿನ ಅಂಗಡಿಯಿಂದ ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಒಂದೊಂದು ಬೆಂಚಿನ ಕಾಲಿಗೂ, ಗಾಯಕ್ಕೆ ಕಟ್ಟುವ ಹಾಗೆ, ಹಳೆಯ ಬಟ್ಟೆಯ ಪಟ್ಟಿ ಸುತ್ತಿದ್ದ. ಎಲ್ಲವನ್ನೂ ಇಳಿಸಿ, ಪಟ್ಟಿ ಬಿಚ್ಚಿ ಮಡಿಸಿಟ್ಟು, ಬೆಂಚುಗಳನ್ನು ಒರೆಸಿದ. ಕೊನೆಗೆ ತನ್ನ ಗಾಡಿಯ ಚಕ್ರವನ್ನೂ ಒರೆಸಿದ.

“ಮತ್ತೆ ಅದೇ ಮಣ್ಣಲ್ಲಿ ತಾನೇ ಹೋಗೋದು? ಚಕ್ರ ಯಾಕಪ್ಪ ಒರೆಸ್ತೀಯ?” ಎಂದು ಕೇಳಿದೆ.

“ಹೋಗೋವಾಗ ಹತ್ತೋ ಮಣ್ಣು ಬೇರೆ ಮೇಷ್ಟ್ರೇ. ಇದು ಬರೋವಾಗಿಂದು” ಎಂದ.

ಅಂಗಡಿ ಸಾಲಿನಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಒರೆಸಪ್ಪ. ಅವನು ಸಾಗಿಸಿದ ಕಪಾಟಿನ ಮೇಲೆ ಉಗುರಿನಷ್ಟು ಗೀರೂ ಬೀಳುತ್ತಿರಲಿಲ್ಲ. ಆದರೆ ಹೆಂಡತಿಯ ತವರಿನಲ್ಲಿ ಅವನಿಗೆ ಮೂರು ಕಾಸಿನ ಮರ್ಯಾದೆ ಇರಲಿಲ್ಲ. ಅವಳ ತಮ್ಮ ಸ್ವಂತ ಷೆಡ್ಡು ಇಟ್ಟುಕೊಂಡಿದ್ದ ಮೆಕ್ಯಾನಿಕ್ಕು. ಇವನು ಗಾಡಿ ತಳ್ಳುವವನು. ಆ ಮನೆಯಲ್ಲಿ ಕುರ್ಚಿಗಳು ಸಾಲದೆ ಬಂದರೆ ಮೊದಲು ಏಳಬೇಕಾದವನು ಇವನೇ.

ಆದ್ದರಿಂದ ಆ ಬಾಮೈದನೇ ಒಂದು ಹಳೆಯ ಡೀಸೆಲ್ ಪಿಕಪ್ಪನ್ನು ತೋರಿಸಿ, “ಭಾವ, ಹೊರಗಿನವರಿಗೆ ಕೊಡೋಕೆ ಮನಸ್ಸಿಲ್ಲ, ನೀವೇ ತಗೊಳ್ಳಿ” ಎಂದಾಗ ಒರೆಸಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಳ್ಳುಗಾಡಿಯನ್ನು ಮಾರಿದ, ಕೂಡಿಟ್ಟಿದ್ದನ್ನೆಲ್ಲ ಸುರಿದ, ಡ್ರೈವಿಂಗ್ ಕಲಿತ. ಮುಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಅವಳ ತವರಿನ ಬಾಗಿಲಿಗೆ ಹೋಗಿ ಹಾರನ್ ಮಾಡಬೇಕು, ಅವರು ಹೊರಗೆ ಬಂದು ‘ಒಳಗೆ ಬನ್ನಿ’ ಎನ್ನಬೇಕು. ಅವನಿಗೆ ಬೇಕಾಗಿದ್ದುದು ಇಷ್ಟೇ, ಮತ್ತು ಅದು ಆ ಪಿಕಪ್ಪು ಓಡುವುದರ ಮೇಲೆ ನಿಂತಿತ್ತು.

ಕೀಲಿಕೈ ಕೊಡುವಾಗ ಬಾಮೈದ ಒಂದು ಮಾತು ಹೇಳಿದ್ದ. “ಭಾವ, ಏನು ಬೇಕಾದ್ರೂ ಒರೆಸ್ಕೊಳ್ಳಿ. ರೇಡಿಯೇಟರ್ ಮಾತ್ರ ಮುಟ್ಟಬೇಡಿ.”

ಒರೆಸಪ್ಪನ ಆರೈಕೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಬೀದಿಯ ಕೊನೆಯಲ್ಲೇ ಅವನು ಗಾಡಿ ನಿಲ್ಲಿಸುತ್ತಿದ್ದುದು. ಬೆಳಗ್ಗೆ ಡೀಸೆಲ್ ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ, ತಂಗಿದ್ದ ನೀರನ್ನು ಒಂದು ಲೋಟಕ್ಕೆ ಇಳಿಸಿ ಬೆಳಕಿಗೆ ಹಿಡಿದು ನೋಡುವನು. ಗಾಳಿಯ ಫಿಲ್ಟರನ್ನು ಬಿಚ್ಚಿ ಮೆಲ್ಲಗೆ ತಟ್ಟಿ ಧೂಳು ಉದುರಿಸುವನು. ಆಮೇಲೆ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಅದ್ದಿ ಎಳೆಯುವನು. ಇಷ್ಟೆಲ್ಲ ಮಾಡುವವನಿಗೆ ರೇಡಿಯೇಟರನ್ನು ಮುಟ್ಟದಿರುವುದು ಹೇಗೆ ಸಾಧ್ಯ? ಒಂದು ಭಾನುವಾರ ಅದರ ಮುಚ್ಚಳ ತೆಗೆದ. ಒಳಗೆ ಕಂದು ಬಣ್ಣದ ಗಸಿ.

“ನೋಡಿ ಮೇಷ್ಟ್ರೇ, ಎಷ್ಟು ವರ್ಷದ ಕೊಳೆ. ಗ್ಯಾರೇಜಿನವರು ಎಲ್ಲಕ್ಕೂ ಮುಟ್ಟಬೇಡಿ ಅಂತಾರೆ. ನಾವೇ ಮಾಡ್ಕೊಂಡ್ರೆ ಅವರ ಹೊಟ್ಟೆ ತುಂಬೋದು ಹೇಗೆ?” ಎನ್ನುತ್ತ ಕೆಳಗಿನ ಪೈಪು ಬಿಚ್ಚಿದ. ಕೊಡಗಟ್ಟಲೆ ನೀರು ಸುರಿದು, ಕನ್ನಡಿಯಂಥ ನೀರು ಹೊರಗೆ ಬರುವ ತನಕ ತೊಳೆದ. ಅಂದಿನಿಂದ ಪ್ರತಿ ಭಾನುವಾರವೂ ಗಾಡಿಗೆ ಆ ಸ್ನಾನ ತಪ್ಪಲಿಲ್ಲ.

ಕೆಲವು ವಾರ ಅವನನ್ನು ಹಿಡಿಯುವವರೇ ಇರಲಿಲ್ಲ. ಗೀರಿಲ್ಲದೆ ಸಾಮಾನು ಮುಟ್ಟುತ್ತದೆಂದು ಅಂಗಡಿಯವರೆಲ್ಲ ಒರೆಸಪ್ಪನನ್ನೇ ಕೂಗುತ್ತಿದ್ದರು. ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿಕೊಂಡ ಮಿಕ್ಕ ಡ್ರೈವರುಗಳು ಬೀಡಿ ಸೇದುತ್ತ ಕೂತಿರುತ್ತಿದ್ದರು.

ಆಮೇಲೆ ರೇಡಿಯೇಟರಿನಲ್ಲಿ ನೀರು ಇಳಿಯತೊಡಗಿತು. ಹೊಗೆ ಬೆಳ್ಳಗಾಯಿತು. ಮುಟ್ಟಬೇಡಿ ಎಂದದ್ದನ್ನು ಮುಟ್ಟಿದ್ದೇನೆಂಬ ಅಳುಕಿನಿಂದ ಅವನು ಬಾಮೈದನ ಹತ್ತಿರ ಹೋಗಲಿಲ್ಲ. ನೀರು ತುಂಬಿಸಿಕೊಂಡು ಓಡಿಸಿದ. ಒಂದು ವಿಷಯ ಮಾತ್ರ ಅವನಿಗೆ ಬಹಳ ಸಮಾಧಾನ ಕೊಟ್ಟಿತ್ತು. ಸ್ಟ್ಯಾಂಡಿನಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುವ ಹಿರಿಯ ಡ್ರೈವರನ ಮೂಗಿಗೆ ಆಯಿಲ್ ಕಡ್ಡಿಯನ್ನು ಹಿಡಿದು, “ನೋಡಣ್ಣ, ನಿಮ್ಮ ಗಾಡಿ ಆಯಿಲ್ ಕುಡಿಯುತ್ತೆ. ನನ್ನದರಲ್ಲಿ ಇಳಿಯೋದಿರಲಿ, ಗುರುತು ದಾಟಿ ಮೇಲೇರಿದೆ” ಎಂದ.

ಕಡ್ಡಿಯ ತುದಿಯಲ್ಲಿದ್ದುದು ಹಾಲು ಬೆರೆಸಿದ ಕಾಫಿಯ ಬಣ್ಣ. ಎಂಜಿನ್ನಿನ ಹೆಡ್ಡಿನಲ್ಲಿ ಬಿರುಕಿದೆ, ಅದರಿಂದ ಸೋರಿದ ನೀರು ಆಯಿಲ್ಲಿಗೆ ಬೆರೆಯುತ್ತಿದೆ ಎಂಬುದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಾಯಿತು, ಅವನೊಬ್ಬನನ್ನು ಬಿಟ್ಟು.

ಮೀಸೆ ಕಡ್ಡಿಯನ್ನು ಗಂಭೀರವಾಗಿ ನೋಡಿ, “ನಿಂದು ಗಾಡಿಯಲ್ಲ ಕಣಯ್ಯ, ಕಾಮಧೇನು. ನಮ್ಮವು ಕುಡಿಯುತ್ವೆ, ನಿಂದು ಕರೆಯುತ್ತೆ” ಎಂದ.

ಎಲ್ಲರೂ ನಕ್ಕರು. ಒರೆಸಪ್ಪನೂ ನಕ್ಕ. ಮರುದಿನದಿಂದ ಅದೊಂದು ಆಟವೇ ಆಯಿತು. “ಇವತ್ತು ಎಷ್ಟು ಕರೀತಪ್ಪ?” ಎಂದು ಕೇಳುವರು, ಇವನು ಹೆಮ್ಮೆಯಿಂದ ಕಡ್ಡಿ ತಂದು ತೋರಿಸುವನು. ಇದನ್ನೆಲ್ಲ ಮೀಸೆ ನನಗೆ ಆಮೇಲೆ ಹೇಳಿದ, ಹೇಳುವಾಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಒಂದು ಮಾತು ಹೇಳಬಾರದಿತ್ತೇನಯ್ಯ?” ಎಂದರೆ, “ಅವನು ಕೇಳಲಿಲ್ಲವಲ್ಲ ಮೇಷ್ಟ್ರೇ, ತೋರಿಸಿದ ಅಷ್ಟೇ” ಎಂದ.

ಒಂದು ಮಧ್ಯಾಹ್ನ ದಿಬ್ಬ ಹತ್ತುವಾಗ ಎಂಜಿನ್ನು ಒಳಗೇ ಕುಟ್ಟಿಕೊಂಡು, ಕಿರುಗುಟ್ಟಿ, ಬಿಗಿದು ಸೀಜಾಗಿ ನಿಂತುಬಿಟ್ಟಿತು. ಹಿಂದೆ ಕನ್ನಡಿಯ ಬೀರು ಇತ್ತು. ಒರೆಸಪ್ಪ ಚಕ್ರಕ್ಕೆ ಕಲ್ಲು ಕೊಟ್ಟು, ಬಿಸಿಲಿನಲ್ಲಿ ಬೀರನ್ನು ತಬ್ಬಿಕೊಂಡು ನಿಂತ. ಸ್ಟ್ಯಾಂಡಿನ ಗಾಡಿಗಳು ಪಕ್ಕದಲ್ಲೇ ಹಾದುಹೋದವು. ಮೀಸೆ ತಲೆ ಹೊರಗೆ ಹಾಕಿ, “ಏನು, ಕಾಮಧೇನು ಬತ್ತಿಹೋಯ್ತಾ?” ಎಂದು ಕೇಳಿ ಹಾರನ್ ಮಾಡಿ ಹೋದ.

ಗಾಡಿಯನ್ನು ಷೆಡ್ಡಿಗೆ ಎಳೆದು ತಂದಾಗ ನಾನು ನನ್ನ ಸ್ಕೂಟರಿನ ಬ್ರೇಕು ಸರಿಮಾಡಿಸಲು ಅಲ್ಲೇ ಕೂತಿದ್ದೆ. ಸುದ್ದಿ ತಿಳಿದು ಒರೆಸಪ್ಪನ ಹೆಂಡತಿಯೂ ಓಡಿ ಬಂದಳು. ಬಾಮೈದ ಎಂಜಿನ್ನಿನ ತಳದ ಬೋಲ್ಟು ಬಿಚ್ಚಿದ. ಬಾಣಲೆಗೆ ದೊಳದೊಳ ಎಂದು ಮಂದವಾದ ಕೆನೆಯಂಥದ್ದು ಬಿತ್ತು.

“ನೋಡಕ್ಕ” ಎಂದ. “ಇದು ನಿನ್ನ ಗಂಡನ ಕಸುಬು. ರೇಡಿಯೇಟರ್ ಮುಟ್ಟಬೇಡಿ ಅಂತ ಹೇಳಿದ್ದೆನೋ ಇಲ್ಲವೋ, ಭಾವ?”

“ನೀನು ಹೇಳಿದ್ದೆ” ಎಂದ ಒರೆಸಪ್ಪ. “ಕೊಳೆ ಇತ್ತು, ತೊಳೆದೆ.”

“ಅದು ಕೊಳೆಯಲ್ಲ, ಸೋರಿಕೆ ಮುಚ್ಚೋ ಪುಡಿ. ನನ್ನ ಕೈಯಾರೆ ಹಾಕಿದ್ದೆ. ಅದರ ಮೇಲೇ ಎರಡು ವರ್ಷ ಓಡ್ತಿತ್ತು. ಸೋಮಾರಿ ಕೈಗೆ ಕೊಟ್ಟಿದ್ರೂ ಓಡ್ತಿತ್ತು.”

ಒರೆಸಪ್ಪ ಬಾಣಲೆಗೆ ಬೆರಳದ್ದಿ ನೋಡಿದ. “ಹಾಗಾದ್ರೆ ಬಿರುಕು ಮೊದಲೇ ಇತ್ತಾ?” ಎಂದು ಮೆಲ್ಲಗೆ ಕೇಳಿದ.

“ಹೌದಲ್ಲವೇನಪ್ಪ, ಮೊದಲೇ ಇತ್ತಲ್ಲವೇ?” ಎಂದು ನಾನೂ ಕೇಳಿದೆ.

“ಹಳೇ ಗಾಡಿ ಅಂದಮೇಲೆ ಹಳೇದೇ ಇರುತ್ತೆ ಮೇಷ್ಟ್ರೇ. ನೀವು ಸ್ಕೂಟರ್ ನೋಡ್ಕೊಳ್ಳಿ” ಎಂದ ಬಾಮೈದ.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಬೈದದ್ದು ಗಂಡನನ್ನು. “ಸಾಕು ಸುಮ್ನಿರಿ. ನನ್ನ ತಮ್ಮನ ಮೇಲೆ ಗೂಬೆ ಕೂರಿಸಬೇಡಿ. ಮನೇಲೂ ಹೀಗೇ, ಪಾತ್ರೆಯ ತಳ ತೂತಾಗೋ ತನಕ ಉಜ್ಜೋದು.”

ಷೆಡ್ಡಿನಲ್ಲಿದ್ದವರು ನಕ್ಕರು.

ಬಾಮೈದ ಆ ಪಿಕಪ್ಪನ್ನು ಗುಜರಿಯ ಬೆಲೆಗೆ ತಾನೇ ಹಿಂದಕ್ಕೆ ತೆಗೆದುಕೊಂಡ. ಅದಕ್ಕೆ ಬೇರೊಂದು ಎಂಜಿನ್ನು ಕೂರಿಸಿ, ಒಬ್ಬ ಡ್ರೈವರನನ್ನು ಇಟ್ಟು ಅದೇ ಅಂಗಡಿ ಸಾಲಿಗೆ ಓಡಿಸುತ್ತಿದ್ದಾನೆ. ಗೀರಿಲ್ಲದೆ ಸಾಮಾನು ಮುಟ್ಟಬೇಕೆಂದು ಅಂಗಡಿಯವರು ಹಟ ಹಿಡಿದದ್ದರಿಂದ ಭಾವನನ್ನೂ ಕೆಲಸಕ್ಕೆ ಕರೆದುಕೊಂಡಿದ್ದಾನೆ. ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಅಂಗಡಿಯ ಗುಮಾಸ್ತ ಕೂರುತ್ತಾನೆ. ಒರೆಸಪ್ಪನ ಜಾಗ ಹಿಂದೆ, ಮಂಚ ಬೀರುಗಳ ನಡುವೆ.

ಮೊನ್ನೆ ಅಂಚೆ ಕಚೇರಿಯ ಮುಂದೆ ಗಾಡಿ ನಿಂತಿತ್ತು. “ಹೇಗಿದ್ದೀಯಪ್ಪ?” ಎಂದೆ. ಎರಡು ಕಪಾಟುಗಳು ಒಂದಕ್ಕೊಂದು ಉಜ್ಜದಂತೆ ನಡುವೆ ತನ್ನ ಬೆನ್ನನ್ನೇ ಕೊಟ್ಟು ಕೂತಿದ್ದ. ಕೈ ಮುಗಿಯಲು ಒಂದು ಕೈಯನ್ನು ಬಿಡಿಸಿಕೊಂಡ. ಅಷ್ಟರಲ್ಲಿ ಡ್ರೈವರು ಗೇರು ಹಾಕಿ ಗಾಡಿ ಹೊರಡಿಸಿದ. ಒರೆಸಪ್ಪ ಕೈಯನ್ನು ಥಟ್ಟನೆ ಕಪಾಟಿಗೆ ಒತ್ತಿ ಹಿಡಿದ.