ನಾಲ್ಕು ಗುಡ್ಡೆ ಬಾಡು

ಪುರವರ ಅನ್ನೋ ಊರಿನ ಆಚೆ ಒಂದು ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ. ಅತಿಥಿ ಅಂದರೆ ಮರ್ಯಾದೆಯ ಮಾತೇನಲ್ಲ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ದೇವರಿಗೇ ಗೊತ್ತು. ಆ ದಿನ ಸಾಹೇಬರೊಬ್ಬರು ತರಗತಿ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಜೂನ್‌ನಲ್ಲಿ ಮತ್ತೆ ಕೆಲಸ, ಇಲ್ಲದಿದ್ದರೆ ಮನೆಯಲ್ಲಿ ಅತ್ತೆಯ ಮುಖ ನೋಡಿಕೊಂಡು ಕೂರಬೇಕು.

ಪಾಠ ಭಿನ್ನರಾಶಿ. ಪುಸ್ತಕದಲ್ಲಿದ್ದದ್ದು ಪಿಜ್ಜಾದ ಚಿತ್ರ. ನನ್ನ ಮಕ್ಕಳಲ್ಲಿ ಹೆಚ್ಚಿನವರು ಕುರಿ ಸಾಕುವ ಮನೆಯವರು. ಹಾಗಾಗಿ ಮಹಾ ಬುದ್ಧಿವಂತೆಯಂತೆ ಬೋರ್ಡಿನ ಮೇಲೆ ಒಂದು ಕುರಿ ಬರೆದು, ಗೆರೆ ಎಳೆದು ನಾಲ್ಕು ಭಾಗ ಮಾಡಿ, ಮುಂದಿನ ಭಾಗಕ್ಕೆ ಬಣ್ಣ ತುಂಬಿದೆ.

"ಇದೆಷ್ಟು?"

"ತಲೆ ಮಿಸ್," ಅಂದರು ಎಲ್ಲರೂ.

"ನಾಲ್ಕರಲ್ಲಿ ಒಂದು ಅನ್ನಿ."

"ಅದೆಂಗಾಯ್ತದೆ ಮಿಸ್?" ಎಂದಳು ಮುಂದಿನ ಸಾಲಿನ ಹುಡುಗಿ. ಊರಿನಲ್ಲಿ ಕುರಿ ಕೊಯ್ದು ಪಾಲು ಹಾಕುವವನ ಮಗಳು. "ಒಬ್ರಿಗೆ ತಲೆ, ಒಬ್ರಿಗೆ ತೊಡೆ ಕೊಟ್ರೆ ಜಗಳ ಆಯ್ತದೆ. ಎಲ್ಲಾ ಗುಡ್ಡೇಗೂ ಒಂಚೂರು ಈಲಿ, ಒಂಚೂರು ಮೂಳೆ ಬೀಳ್ಬೇಕು."

ನಮ್ಮ ಕಡೆ ನಾಲ್ಕು ಮನೆಯವರು ಸೇರಿ ಕುರಿ ಕೊಯ್ಸಿದರೆ ಬಾಡು, ಲಿವರ್, ಮೂಳೆ ಎಲ್ಲವನ್ನೂ ಹಾಗೆಯೇ ಸಮನಾಗಿ ಗುಡ್ಡೆ ಹಾಕುತ್ತಾರೆ. ನನಗೆ ತಿಳಿಯದ್ದೇನಲ್ಲ. ಸಿಟ್ಟಿನಲ್ಲಿ ಕುರಿಯನ್ನು ಒರೆಸಿ ನಾಲ್ಕು ಗುಡ್ಡೆ ಬರೆದೆ. ಈಗ ಎಲ್ಲರ ಬಾಯಲ್ಲೂ ನಾಲ್ಕರಲ್ಲಿ ಒಂದು, ನಾಲ್ಕರಲ್ಲಿ ಮೂರು ಸರಾಗವಾಗಿ ಬರತೊಡಗಿತು.

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ಹಣೆ ತುಂಬ ವಿಭೂತಿ. ಬೋರ್ಡು ತುಂಬ ಬಾಡು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಇದೇನು ಚಿತ್ರ?"

"ಬಾಡು ಸಾರ್," ಎಂದಿತು ತರಗತಿ.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಮುಂದಿನ ಸಾಲಿನ ಮೂವರನ್ನು ಎಬ್ಬಿಸಿದರು. "ನೀವು ಮೂವರು, ನಾನೊಬ್ಬ. ನನಗೆಷ್ಟು ಬರುತ್ತೆ?"

ನಾನು ಸಾಹೇಬರ ಬೆನ್ನ ಹಿಂದೆ ನಿಂತು, ನಾಲ್ಕರಲ್ಲಿ ಒಂದು ಅನ್ನಲಿ ಎಂದು ನಾಲ್ಕು ಬೆರಳು ತೋರಿಸಿದೆ. ಮೂವರಲ್ಲಿ ಒಬ್ಬಳಾಗಿದ್ದ ಆ ಪಾಲು ಹಾಕುವವನ ಮಗಳು ನನ್ನ ಕಡೆ ನೋಡಲೇ ಇಲ್ಲ.

"ಸಾರ್, ನೀವು ಬಾಡು ತಿಂತೀರಾ?"

"ಇಲ್ಲಮ್ಮ."

"ಅಂಗಾರೆ ನಿಮ್ಗೇನೂ ಇಲ್ಲ ಸಾರ್. ನಿಮ್ಮ ಗುಡ್ಡೇನೂ ನಾವೇ ಮೂರು ಮಾಡ್ಕಂತೀವಿ. ನಮ್ಗೆ ಮೂರರಲ್ಲಿ ಒಂದೊಂದು."

ಸಾಹೇಬರು ಬೋರ್ಡು ನೋಡಿದರು, ಹುಡುಗಿಯನ್ನು ನೋಡಿದರು, ಬೆರಳಲ್ಲೇ ಏನೋ ಗುಣಿಸಿದರು. ಆಮೇಲೆ ನನ್ನತ್ತ ತಿರುಗಿದರು. ನನ್ನ ನಾಲ್ಕು ಬೆರಳು ಇನ್ನೂ ಮೇಲೆಯೇ ಇದ್ದವು.

"ಲೆಕ್ಕ ಸರಿಯಾಗಿದೆ ಮೇಡಂ," ಅಂದರು. "ಜೂನ್‌ನಲ್ಲೂ ನೀವೇ ಬನ್ನಿ. ನಾನು ಬರೋ ದಿನ ಮಾತ್ರ ಹಲಸಿನ ಹಣ್ಣು ಬರೀರಿ. ನನಗೂ ಒಂದು ಪಾಲು ಸಿಗಲಿ."